ತೂಕ ನಿಂತ ಮರಿ, ಮುದುರಿ ಕೂತ ತಾಯಿ: ಒಂದು ಬಾಣಂತಿ ಬೆಕ್ಕಿನ ಪ್ರಕರಣ

ಮನೆಯವರ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ. ಹೆಸರು, ಜಾಗ, ಡಾಕ್ಟ್ರು ಯಾರು ಅನ್ನೋದೆಲ್ಲ ಬಿಟ್ಟಿದೀನಿ, ಮನೆ ಯಜಮಾನಿಯನ್ನ ಬರೀ ಅಕ್ಕ ಅಂತೀನಿ, ಅವರ ಅತ್ತೆನ ಅಜ್ಜಿ ಅಂತೀನಿ, ಮಗನನ್ನ ಹುಡುಗ ಅಂತೀನಿ. ಮರಿಗಳ ತೂಕ ಎಲ್ಲ ಆ ಹುಡುಗ ದಿನಾ ಬರೆದಿಟ್ಟ ನೋಟ್‌ಬುಕ್ಕಿಂದ ತಗೊಂಡಿದ್ದು. ಆ ನೋಟ್‌ಬುಕ್ ಇಲ್ದಿದ್ರೆ ಈ ಪ್ರಕರಣದಲ್ಲಿ ಕಲಿಯೋಕೆ ಏನೂ ಇರ್ತಿರ್ಲಿಲ್ಲ, ಬರೀ "ಪಾಪ, ಮರಿ ವೀಕಾಗಿತ್ತು" ಅಂತ ಮುಗಿದೋಗ್ತಿತ್ತು.

ಹಿನ್ನೆಲೆ

ಬೆಕ್ಕು ಇವರು ಸಾಕಿದ್ದಲ್ಲ. ಬಾಗಿಲ ಹತ್ರ ಬಂದು ಊಟ ಮಾಡ್ಕೊಂಡು ಹೋಗ್ತಿದ್ದ ಬೀದಿ ಬೆಕ್ಕು, ವಯಸ್ಸು ಹೆಚ್ಚು ಅಂದ್ರೆ ಒಂದು ವರ್ಷ ಇರಬಹುದು ಅಂತ ಡಾಕ್ಟ್ರು ಆಮೇಲೆ ಹೇಳಿದ್ರು, ಅಂದ್ರೆ ಇದು ಮೊದಲ ಬಾಣಂತನ. ಹೊಟ್ಟೆ ದಪ್ಪ ಆಗ್ತಾ ಬಂದಾಗ ಅಕ್ಕ ಅದನ್ನ ಒಳಗೆ ಬಿಟ್ಕೊಂಡ್ರು. ಬೆಕ್ಕಿಗೆ ಗರ್ಭ ನಿಲ್ಲೋದು ಸುಮಾರು 63ರಿಂದ 65 ದಿನ, ಆದ್ರೆ ಯಾವತ್ತು ಕಟ್ಟಿದೆ ಅಂತ ಗೊತ್ತಿಲ್ಲದ ಬೆಕ್ಕಿಗೆ ಲೆಕ್ಕ ಹಾಕೋದು ಹೇಗೆ, ಅದಕ್ಕೆ ಒಂದು ದೊಡ್ಡ ರಟ್ಟಿನ ಡಬ್ಬ ರೆಡಿ ಮಾಡಿ ಒಳಗೆ ಹಳೇ ಕಾಟನ್ ಬಟ್ಟೆ ಹಾಕಿ ಮೂಲೆಯಲ್ಲಿಟ್ಟು ಕಾಯ್ತಾ ಇದ್ರು. ಬೆಕ್ಕು ಆ ಡಬ್ಬದ ಕಡೆ ಮೂಸಿ ಕೂಡ ನೋಡ್ಲಿಲ್ಲ. ಬಟ್ಟೆ ಬೀರುವಿನ ಕೆಳಗಿನ ಖಾನೆ ಸೇರ್ಕೊಂಡು ರಾತ್ರಿ ಐದು ಮರಿ ಹಾಕ್ತು. ಮಾಸು ತಾನೇ ತಿಂದು, ಹೊಕ್ಕುಳಬಳ್ಳಿ ತಾನೇ ಕಡಿದು, ಐದನ್ನೂ ನೆಕ್ಕಿ ಒಣಗಿಸಿ ಹಾಲಿಗೆ ಹಚ್ಚಿತ್ತು. ಮೊದಲ ಸಲಕ್ಕೆ ಇಷ್ಟು ಚೆನ್ನಾಗಿ ನೋಡ್ಕೊಳ್ಳೋ ತಾಯಿ ಸಿಗೋದು ದೊಡ್ಡ ವಿಷಯ.

ಅಕ್ಕ ನಂಗೆ ಫೋನ್ ಮಾಡಿದ್ದು ಮಾರನೇ ದಿನ ಬೆಳಿಗ್ಗೆ. ತಾಯಿ ಇಲ್ಲದ ಮರಿಗಳನ್ನ ಸಾಕಿ ನಂಗೆ ಅಭ್ಯಾಸ ಇರೋದ್ರಿಂದ ಗೊತ್ತಿರೋರು ಹೀಗೆ ಕೇಳ್ತಿರ್ತಾರೆ. ಅವರ ಮೊದಲ ಪ್ರಶ್ನೆ, ಡಬ್ಬಕ್ಕೆ ಎತ್ತಿ ಹಾಕ್ಲಾ ಅಂತ. ಬೇಡ ಅಂದೆ. ಬೆಕ್ಕು ತಾನೇ ಆರಿಸ್ಕೊಂಡ ಜಾಗ ಕತ್ತಲೆ ಇದೆ, ಬೆಚ್ಚಗಿದೆ, ಜನ ಓಡಾಡಲ್ಲ, ಮರಿ ಬಿದ್ದು ಹೋಗೋ ಎತ್ತರ ಇಲ್ಲ ಅಂದ್ಮೇಲೆ ಅದನ್ನ ಅಲ್ಲೇ ಬಿಡೋದು ಒಳ್ಳೇದು. ಒದ್ದೆಯಾದ ಬಟ್ಟೆ ಮಾತ್ರ ನಿಧಾನಕ್ಕೆ ಒಂದು ಕಡೆಯಿಂದ ಎಳೆದು ಒಣಗಿದ್ದು ಹಾಕಿ, ಪೂರ್ತಿ ಒಂದೇ ಸಲ ಬದಲಾಯಿಸಬೇಡಿ, ಅವುಗಳ ವಾಸನೆ ಇರೋ ಒಂದು ಬಟ್ಟೆ ಉಳೀಲಿ ಅಂದೆ.

ಎರಡನೇ ಪ್ರಶ್ನೆಗೆ ಮನೆಯಲ್ಲೇ ಜಗಳ ಆಯ್ತು. ದಿನಾ ಮರಿಗಳ ತೂಕ ನೋಡಿ ಅಂತ ನಾನು ಹೇಳಿದ್ದೆ, ಅಜ್ಜಿ "ಮುಟ್ಬೇಡ ಕಣೇ, ಮನುಷ್ಯರ ವಾಸನೆ ಹತ್ತಿದ್ರೆ ತಾಯಿ ಬಿಟ್ಟು ಹೋಗತ್ತೆ" ಅಂತ ತಡೆದ್ರು. ಅಜ್ಜಿ ಮಾತು ಪೂರ್ತಿ ಸುಳ್ಳು ಅಂತ ಹೇಳಕ್ಕಾಗಲ್ಲ, ಮನುಷ್ಯರನ್ನೇ ಕಂಡಿರದ ಹೆದರಿದ ಬೆಕ್ಕಾದ್ರೆ ಗೂಡಿನ ಹತ್ರ ಗಲಾಟೆ ಆದ್ರೆ ಮರಿ ಎತ್ಕೊಂಡು ಜಾಗ ಬದಲಾಯಿಸತ್ತೆ, ಆದ್ರೆ ಅದಕ್ಕೆ ಕಾರಣ ವಾಸನೆ ಅಲ್ಲ, ಭಯ. ಈ ಬೆಕ್ಕು ಅಕ್ಕನ ಕೈಯಿಂದ ವಾರಗಟ್ಟಲೆ ಊಟ ಮಾಡಿತ್ತು, ಕಾಲಿಗೆ ಮೈ ಉಜ್ಜುತ್ತಿತ್ತು. ಕೊನೆಗೆ ಒಪ್ಪಂದ ಹೀಗಾಯ್ತು: ಅಕ್ಕ ಒಬ್ರೇ ಮುಟ್ಟೋದು, ದಿನಕ್ಕೆ ಒಂದೇ ಸಲ, ತಾಯಿ ಊಟಕ್ಕೆ ಎದ್ದಾಗ, ಕೈ ತೊಳ್ಕೊಂಡು ಬೆಚ್ಚಗೆ ಮಾಡ್ಕೊಂಡು, ಗೂಡಿನ ಬಟ್ಟೆಗೆ ಕೈ ಉಜ್ಜಿ, ಬೀರುವಿನ ಮುಂದೇನೇ ಅಡುಗೆ ಸ್ಕೇಲ್ ಇಟ್ಟು. ಹುಡುಗ ದೂರದಲ್ಲಿ ಕೂತು ಬರ್ಕೊಳ್ಳೋದು. ತಾಯಿ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಊಟ ಮುಂದುವರಿಸ್ತು, ಅಜ್ಜಿಗೂ ಸಮಾಧಾನ ಆಯ್ತು.

ಮೊದಲ ದಿನದ ತೂಕ: ಕೆಂಚ 106 ಗ್ರಾಂ, ಕಪ್ಪು 103, ಬೂದಿ 101, ಪಟ್ಟೆ 97, ಚಿಕ್ಕದು 81. ಹುಟ್ಟಿದ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರತ್ತೆ, ಅಂದ್ರೆ ನಾಲ್ಕು ಸರಿಯಿದ್ವು, ಒಂದು ಸಣ್ಣದು. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಒಂದು ವಾರ ಹತ್ತು ದಿನದಲ್ಲಿ ಹುಟ್ಟಿದಾಗಿನ ತೂಕದ ಎರಡರಷ್ಟು ಆಗಬೇಕು. ಐದೂ ಮರಿ ಹುಟ್ಟಿದ ಕೆಲವೇ ಹೊತ್ತಲ್ಲಿ ತಾಯಿಯ ಗಿಣ್ಣು ಹಾಲು ಕುಡಿದಿದ್ವು, ಇದು ಬಹಳ ಮುಖ್ಯ, ಯಾಕಂದ್ರೆ ಆ ಹಾಲಲ್ಲಿರೋ ರೋಗನಿರೋಧಕ ಶಕ್ತಿಯನ್ನ ಮರಿಯ ಕರುಳು ಒಳಗೆ ತಗೊಳ್ಳೋದು ಹೆಚ್ಚುಕಮ್ಮಿ ಮೊದಲ ಒಂದು ದಿನ ಮಾತ್ರ.

ಸಮಸ್ಯೆ ಶುರುವಾಗಿದ್ದು

ನಾಲ್ಕನೇ ದಿನದವರೆಗೂ ಚೆನ್ನಾಗೇ ಇತ್ತು. ಕೆಂಚ 141, ಬೂದಿ 132, ಚಿಕ್ಕದು ಕೂಡ 98ಕ್ಕೆ ಬಂದಿತ್ತು. ಐದನೇ ದಿನ ಚಿಕ್ಕದು 98ರಲ್ಲೇ ನಿಂತಿತು, ಬೂದಿ 134. ಆರನೇ ದಿನ ಚಿಕ್ಕದು 95, ಬೂದಿ 131. ಉಳಿದ ಮೂರು ಏರ್ತಾನೇ ಇದ್ವು, ಪಟ್ಟೆ ಮಾತ್ರ ಸ್ವಲ್ಪ ನಿಧಾನ.

ಕಣ್ಣಿಗೆ ಏನೂ ಗೊತ್ತಾಗ್ತಿರಲಿಲ್ಲ ಅನ್ನೋದನ್ನ ಇಲ್ಲಿ ಒತ್ತಿ ಹೇಳಬೇಕು. ಅಕ್ಕ ಕಳಿಸಿದ ಫೋಟೋದಲ್ಲಿ ಐದೂ ಒಂದರ ಮೇಲೊಂದು ಬಿದ್ಕೊಂಡು ಮಲಗಿದ್ವು, ನೋಡೋಕೆ ಚೆಂದ. ಆದ್ರೆ ಮನೆಯಲ್ಲಿ ಒಂದು ಬದಲಾವಣೆ ಆಗಿತ್ತು, ಮರಿಗಳ ಸದ್ದು. ಮೊದಲ ದಿನಗಳಲ್ಲಿ ಬೀರು ಅಷ್ಟು ಸುಮ್ನಿರ್ತಿತ್ತು, ಈಗ ರಾತ್ರಿ ಕೀಂ ಕೀಂ ಅನ್ನೋದು ಜಾಸ್ತಿ ಆಗಿತ್ತು. ಹೊಟ್ಟೆ ತುಂಬಿದ ಮರಿ ಮಲಗತ್ತೆ, ಎದ್ರೂ ಹಾಲು ಹುಡುಕಿ ಕುಡಿದು ಮತ್ತೆ ಮಲಗತ್ತೆ. ಬಿಡದೆ ಅಳ್ತಾ ತಲೆ ಅಲ್ಲಾಡಿಸ್ತಾ ತೆವಳಾಡೋ ಮರಿಗೆ ಹಸಿವಾಗಿದೆ ಇಲ್ಲಾ ಚಳಿ ಆಗ್ತಿದೆ. ಮನೆಯವರು ಇದಕ್ಕೆ ಕೊಟ್ಕೊಂಡ ಕಾರಣ, ಮರಿ ದೊಡ್ಡದಾಗ್ತಿದೆ, ಗಂಟಲು ಬಂದಿದೆ ಅಂತ.

ಆರನೇ ದಿನ ರಾತ್ರಿ ಅಕ್ಕನಿಂದ ಕಾಲ್ ಬಂತು. ಚಿಕ್ಕದು ಗುಂಪಿಂದ ಆಚೆ ಖಾನೆಯ ಅಂಚಲ್ಲಿ ಒಂದೇ ಬಿದ್ದಿತ್ತಂತೆ, ಮುಟ್ಟಿದ್ರೆ ಮೈಯೆಲ್ಲ ತಣ್ಣಗೆ, ಅಳೋದು ಕೂಡ ನಿಂತಿದೆ. "ಹಸುವಿನ ಹಾಲು ನೀರು ಹಾಕಿ ಬೆಚ್ಚಗೆ ಮಾಡಿದೀನಿ, ಡ್ರಾಪರ್ ಕೈಯಲ್ಲೇ ಇದೆ, ಕುಡಿಸ್ಲಾ?" ಅಂದ್ರು.

"ಬೇಡ ಅಕ್ಕ, ಒಂದು ಹನಿನೂ ಬೇಡ, ಮೊದ್ಲು ಮೈ ಬೆಚ್ಚಗಾಗ್ಲಿ" ಅಂದೆ.

ಮೊದಲು ಬೆಚ್ಚಗೆ ಮಾಡೋದಾ ಮೊದಲು ಹಾಲಾ ಅನ್ನೋದೇ ಈ ಪ್ರಕರಣದ ಮೊದಲ ದೊಡ್ಡ ತಿರುವು, ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ. ಮೊದಲ ವಾರದ ಮರಿಗೆ ಮೈ ಬಿಸಿ ಹಿಡಿದಿಟ್ಕೊಳ್ಳೋಕೆ ಬರಲ್ಲ, ಚಳಿಗೆ ನಡುಗೋದು ಕೂಡ ಬರಲ್ಲ. ತಾಯಿ ಮತ್ತು ಒಡಹುಟ್ಟಿದವು ಕೊಡೋ ಬಿಸಿನೇ ಅದರ ಬಿಸಿ. ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದ್ರೆ ಹೊಟ್ಟೆ ಕರುಳು ಕೆಲಸ ನಿಲ್ಲಿಸತ್ತೆ, ಹಾಲು ಹಾಕಿದ್ರೆ ಜೀರ್ಣ ಆಗಲ್ಲ, ಅಲ್ಲೇ ನಿಂತು ಹುದುಗತ್ತೆ. ನುಂಗೋ ಶಕ್ತಿನೂ ಇರಲ್ಲ, ಡ್ರಾಪರಲ್ಲಿ ಬಿಟ್ಟ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗತ್ತೆ. ಪ್ರೀತಿಯಿಂದ ಹಾಲು ಕುಡಿಸಿದ ಮೇಲೆ ಬೆಳಿಗ್ಗೆ ಸತ್ತಿರೋ ಎಷ್ಟೋ ಮರಿಗಳ ಹಿಂದೆ ಇರೋದು ಇದೇ. ಹಸುವಿನ ಹಾಲಿನ ವಿಷಯ ಬೇರೆ, ಬೆಕ್ಕಿನ ಹಾಲಿಗೆ ಹೋಲಿಸಿದ್ರೆ ಅದರಲ್ಲಿ ಪ್ರೊಟೀನ್ ಕೊಬ್ಬು ಎರಡೂ ಕಮ್ಮಿ, ನೀರು ಸೇರಿಸಿದ್ರೆ ಇನ್ನೂ ಕಮ್ಮಿ, ಭೇದಿ ಶುರುವಾದ್ರೆ ಇಷ್ಟು ಚಿಕ್ಕ ಮೈಯಿಂದ ಇರೋ ನೀರೂ ಹೋಗಿಬಿಡತ್ತೆ.

ಅಕ್ಕ ಮರಿನ ಬಟ್ಟೆ ಒಳಗೆ ಎದೆಗೆ ಒತ್ತಿ ಇಟ್ಕೊಂಡ್ರು, ಹೊರಗಿಂದ ದಪ್ಪ ಟವೆಲ್ ಸುತ್ತಿದ ಹಾಟ್ ವಾಟರ್ ಬ್ಯಾಗ್. ಹೇರ್ ಡ್ರೈಯರ್ ಹಿಡೀಲಾ, ಬಿಸಿನೀರಲ್ಲಿ ಅದ್ದಲಾ ಅಂತ ಕೇಳಿದ್ರು, ಎರಡೂ ಬೇಡ ಅಂದೆ, ಗಬಕ್ಕನೆ ಬಿಸಿ ಮಾಡಿದ್ರೆ ಹೃದಯಕ್ಕೆ ಅಪಾಯ, ಚರ್ಮನೂ ಸುಡತ್ತೆ. ನಿಧಾನಕ್ಕೆ, ಒಂದು ಗಂಟೆ ಎರಡು ಗಂಟೆ ಆದ್ರೂ ಪರವಾಗಿಲ್ಲ. ಮಧ್ಯದಲ್ಲಿ ಗ್ಲೂಕೋಸ್ ನೀರನ್ನ ಬೆರಳ ತುದಿಗೆ ಹಚ್ಕೊಂಡು ಒಸಡಿಗೆ ಉಜ್ಜಿದ್ರು, ಕುಡಿಸಿದ್ದಲ್ಲ, ಬರೀ ಉಜ್ಜಿದ್ದು, ಹಸಿದ ಮರಿಗೆ ರಕ್ತದಲ್ಲಿ ಸಕ್ಕರೆ ಇಳಿದಿರತ್ತೆ ಅಂತ. ಬಾಯೊಳಗೆ ಕಿರುಬೆರಳಿಟ್ಟು ನೋಡ್ತಾ ಇರಿ ಅಂದಿದ್ದೆ. ಮೊದಲು ಬಾಯೊಳಗೂ ತಣ್ಣಗೆ, ಬೆರಳಿಟ್ರೂ ಸುಮ್ನೆ ಇತ್ತು. ಒಂದು ಗಂಟೆ ಮೇಲಾದಾಗ ನಾಲಗೆ ಮಡಚಿ ಬೆರಳು ಚೀಪೋಕೆ ನೋಡ್ತು. ಅಕ್ಕ ಫೋನಲ್ಲೇ ಅಳೋಕೆ ಶುರು ಮಾಡಿದ್ರು.

ತಾಯಿ ಕಡೆ ತಿರುಗಿದ್ದು

ಮರಿಗಳಿಗೆ ಅಂತಲೇ ಬರೋ ಮಿಲ್ಕ್ ರಿಪ್ಲೇಸರ್ ಆ ರಾತ್ರಿ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಬೆಚ್ಚಗಾದ ಮರಿನ ತಾಯಿಗೇ ಹಚ್ಚೋದು ಅಂತಾಯ್ತು, ಆದ್ರೆ ಹಚ್ಚೋ ಮೊದಲು ಒಂದು ಸಲ ತೂಗಿ, ಕುಡಿದಾದ್ಮೇಲೆ ಇನ್ನೊಂದು ಸಲ ತೂಗಿ ಅಂದೆ. ಒಂದೊಂದು ಗ್ರಾಂ ತೋರಿಸೋ ಸ್ಕೇಲ್ ಇದ್ರೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಚಿಕ್ಕದು ಹಿಂದಿನ ಮೊಲೆ ಹಿಡಿದು ಮುಂಗಾಲಲ್ಲಿ ಒತ್ತಿ ಒತ್ತಿ ಚೆನ್ನಾಗೇ ಚೀಪ್ತು, ಹುಡುಗ ವಿಡಿಯೋ ಮಾಡಿ ಕಳಿಸಿದ್ದ. ಮೊದಲು 95, ಆಮೇಲೂ 95. ಕೆಂಚನನ್ನೂ ತೂಗಿ ಅಂದೆ. ಕುಡಿಯೋ ಮೊದಲು 158, ಕುಡಿದ ಮೇಲೆ 161.

ಅಲ್ಲಿಗೆ ಪ್ರಶ್ನೆ ಬೇರೆ ಆಯ್ತು. ಮರಿ ಚೀಪ್ತಿದೆ, ಹಾಲು ಬರ್ತಿಲ್ಲ. ಅದೇ ತಾಯಿ ಇನ್ನೊಂದು ಮರಿಗೆ ಹಾಲು ಕೊಡ್ತಿದೆ. ಹಾಗಿದ್ರೆ ತೊಂದರೆ ಇರೋದು ಆ ಮೊಲೆಯಲ್ಲಿ. ಬೆಕ್ಕಿಗೆ ಸಾಮಾನ್ಯವಾಗಿ ನಾಲ್ಕು ಜೊತೆ ಮೊಲೆ ಇರತ್ತೆ, ಮರಿಗಳು ಮೊದಲ ಒಂದೆರಡು ದಿನದಲ್ಲೇ ತಂತಮ್ಮದು ಅಂತ ಒಂದನ್ನ ಹಿಡ್ಕೊಂಡುಬಿಡ್ತವೆ, ಆಮೇಲೆ ಕತ್ತಲಲ್ಲೂ ವಾಸನೆ ಮೇಲೆ ಅದೇ ಜಾಗಕ್ಕೆ ಹೋಗ್ತವೆ. ಹುಡುಗನ ಹತ್ರ ಹಳೇ ವಿಡಿಯೋಗಳಿದ್ವು, ತಿರುಗಿ ನೋಡಿದಾಗ ಚಿಕ್ಕದು ಮತ್ತು ಬೂದಿ ಎರಡೂ ಬಲಗಡೆ ಹಿಂದಿನ ಎರಡು ಮೊಲೆಯವು.

ತಾಯಿ ಹೊಟ್ಟೆ ತೋರಿಸಿ ಅಂದೆ. ಬಿಡ್ಲಿಲ್ಲ. ಅಕ್ಕನ ಕೈಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗ್ತಿದ್ದ ಬೆಕ್ಕು ಅವತ್ತು ಗುರ್ ಅಂತು. ಆಗ ಕೇಳ್ತಾ ಹೋದ್ರೆ ಒಂದೊಂದೇ ವಿಷಯ ಹೊರಗೆ ಬಂತು. ಎರಡು ದಿನದಿಂದ ಅರ್ಧ ಊಟ ಬಿಡ್ತಿದೆ. ಮರಿ ಹತ್ರ ಮಲಗೋವಾಗ ಒಂದು ಮಗ್ಗುಲಿಗೆ ಚಾಚ್ಕೊಂಡು ಮಲಗ್ತಿಲ್ಲ, ಹೊಟ್ಟೆ ಕೆಳಗೆ ಹಾಕಿ ಮುದುರಿ ಕೂತಿರತ್ತೆ. ಮರಿ ಬಾಯಿ ಹಾಕಿದ್ರೆ ಅರ್ಧದಲ್ಲೇ ಎದ್ದು ಹೋಗತ್ತೆ. ಮನೆಯವರು ಇದನ್ನ ನೋಡಿರಲಿಲ್ಲ ಅಂತಲ್ಲ, ಮುದುರಿ ಕೂತಿದ್ದನ್ನ ಮರಿ ಕಾಯ್ತಿದೆ ಅಂದ್ಕೊಂಡಿದ್ರು, ಊಟ ಬಿಟ್ಟಿದ್ದನ್ನ ಸೆಕೆಗೆ ಅಂದ್ಕೊಂಡಿದ್ರು. ಎಲ್ಲರ ಕಣ್ಣು ಮರಿಗಳ ಮೇಲಿತ್ತು. ಬಾಣಂತಿ ಬೆಕ್ಕು ಮಾಮೂಲಿಗಿಂತ ಎರಡು ಮೂರು ಪಟ್ಟು ತಿನ್ನಬೇಕಾದ ಸಮಯ ಇದು, ಆ ಹೊತ್ತಲ್ಲಿ ಬಟ್ಟಲಲ್ಲಿ ಊಟ ಉಳಿದ್ರೆ ಅದು ಮರಿಯ ತೂಕಕ್ಕಿಂತ ಮುಂಚೆ ಸಿಗೋ ಸೂಚನೆ.

ಅಷ್ಟರಲ್ಲಿ ಮನೆಗೆ ಬಂದಿದ್ದ ನೆಂಟರೊಬ್ರು ಮೈ ಬಿಸಿ ಇದ್ಯಲ್ಲ, ಪ್ಯಾರಸಿಟಮಾಲ್ ಕಾಲು ಮಾತ್ರೆ ಕೊಡಿ ಅಂದಿದ್ರಂತೆ. ಅಕ್ಕ ಕೇಳಿದ್ದು ಪುಣ್ಯ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನ ಕರಗಿಸಿ ಹೊರಗೆ ಹಾಕೋ ವ್ಯವಸ್ಥೆ ಬೆಕ್ಕಿನ ಲಿವರಲ್ಲಿ ತೀರಾ ಕಮ್ಮಿ, ರಕ್ತ ಆಮ್ಲಜನಕ ಹೊರೋ ಶಕ್ತಿನೇ ಕಳ್ಕೊಳ್ಳತ್ತೆ, ಮಾತ್ರೆಯ ಸಣ್ಣ ಚೂರು ಸಾಕು ಜೀವ ಹೋಗೋಕೆ. ಮನುಷ್ಯರ ಯಾವ ನೋವಿನ ಮಾತ್ರೆನೂ ಬೆಕ್ಕಿಗೆ ಡಾಕ್ಟ್ರು ಹೇಳದೆ ಹಾಕಬಾರದು. ಇದನ್ನ ಓದಿ ಬೇರೇನೂ ನೆನಪಿಲ್ದಿದ್ರೂ ಇದೊಂದು ನೆನಪಿಟ್ಕೊಳ್ಳಿ ಅಂತ ಕೈಮುಗಿದು ಕೇಳ್ತೀನಿ.

ಡಾಕ್ಟ್ರ ಹತ್ರ

ತಾಯಿ ಒಂದನ್ನೇ ಕರ್ಕೊಂಡು ಹೋಗೋದಾ ಮರಿಗಳನ್ನೂ ತಗೊಂಡು ಹೋಗೋದಾ ಅಂತ ಬೆಳಿಗ್ಗೆ ಚರ್ಚೆ ಆಯ್ತು. ಎಲ್ಲರನ್ನೂ ಒಂದೇ ಬುಟ್ಟಿಯಲ್ಲಿ ಅಂತ ತೀರ್ಮಾನ ಮಾಡಿದ್ವಿ. ಮರಿಗಳನ್ನ ಬಿಟ್ಟು ಹೋದ್ರೆ ಎಷ್ಟು ಹೊತ್ತಾಗತ್ತೋ ಗೊತ್ತಿಲ್ಲ, ಇವು ಚಳಿಗೆ ಬೀಳೋ ಮರಿಗಳು, ಮತ್ತೆ ತಾಯಿಗೂ ಮರಿ ಜೊತೇಲಿದ್ರೆ ಗಾಬರಿ ಕಮ್ಮಿ. ಬುಟ್ಟಿಯ ಅರ್ಧಕ್ಕೆ ಮಾತ್ರ ಟವೆಲ್ ಸುತ್ತಿದ ಬಿಸಿನೀರಿನ ಬಾಟಲ್ ಇಟ್ರು, ಜಾಸ್ತಿ ಬಿಸಿ ಅನ್ನಿಸಿದ್ರೆ ಮರಿ ಆ ಕಡೆ ತೆವಳಿ ಹೋಗೋಕೆ ಜಾಗ ಇರ್ಲಿ ಅಂತ.

ತಾಯಿಗೆ ಜ್ವರ 40.1 ಡಿಗ್ರಿ, ಬೆಕ್ಕಿಗೆ ಮಾಮೂಲು 38ರಿಂದ 39.2ರ ಒಳಗೆ. ಬಲಗಡೆ ಹಿಂದಿನ ಎರಡು ಮೊಲೆ ಬಾವು ಬಂದು ಗಟ್ಟಿಯಾಗಿದ್ವು, ಕೊನೆಯದರ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಡಾಕ್ಟ್ರು ಮೆತ್ತಗೆ ಒತ್ತಿದಾಗ ಬಿಳಿ ಹಾಲಿನ ಬದಲು ಹಳದಿ ಬಣ್ಣದ ಮಂದ ದ್ರವ ಬಂತು, ಅದರಲ್ಲಿ ರಕ್ತದ ಎಳೆ. ಮೊಲೆ ಬಾವು, ಮ್ಯಾಸ್ಟೈಟಿಸ್. ಒಡೆದಿರಲಿಲ್ಲ, ಕೀವು ಗಡ್ಡೆ ಕಟ್ಟಿರಲಿಲ್ಲ ಅನ್ನೋದು ಅದೃಷ್ಟ. ಹಾಲುಣಿಸೋ ಬೆಕ್ಕಿಗೆ ಕೊಡಬಹುದಾದ ಆಂಟಿಬಯಾಟಿಕ್, ಬೆಕ್ಕಿಗೆ ಹೊಂದೋ ನೋವಿನ ಔಷಧಿ, ದಿನಕ್ಕೆ ಕೆಲವು ಸಲ ಬೆಚ್ಚನೆ ಒದ್ದೆ ಬಟ್ಟೆ ಶಾಖ ಕೊಟ್ಟು ಆ ಮೊಲೆಗಳ ಹಾಲು ಮೆತ್ತಗೆ ಹಿಂಡಿ ತೆಗೆಯೋದು, ಇಷ್ಟು ಹೇಳಿದ್ರು. ಗರ್ಭಕೋಶದಲ್ಲಿ ಮಾಸು ಉಳಿದಿಲ್ಲ ಅಂತಾನೂ ನೋಡಿದ್ರು.

ಎರಡನೇ ತಿರುವು ಇಲ್ಲಿ ಬಂತು. ಮರಿಗಳನ್ನ ತಾಯಿಯಿಂದ ಪೂರ್ತಿ ಬಿಡಿಸಿ ಸಿರಿಂಜಲ್ಲೇ ಸಾಕೋಣ ಅಂತ ಅಕ್ಕ ಅಂದ್ಕೊಂಡು ಬಂದಿದ್ರು, ಆ ಹಾಲು ಕುಡಿದ್ರೆ ಮರಿಗೂ ರೋಗ ಬರತ್ತಲ್ಲ ಅನ್ನೋ ಭಯ. ಡಾಕ್ಟ್ರು ಬೇರೆ ರೀತಿ ಹೇಳಿದ್ರು: ಉಳಿದ ಆರು ಮೊಲೆ ಸರಿ ಇದೆ, ಮರಿಗಳು ತಾಯಿ ಜೊತೆನೇ ಇರ್ಲಿ, ಕೆಟ್ಟ ಎರಡು ಮೊಲೆಗೆ ಬಾಯಿ ಹಾಕದ ಹಾಗೆ ನೋಡ್ಕೊಳ್ಳಿ, ತೂಕ ಬಿದ್ದ ಮರಿಗಳಿಗೆ ಮಾತ್ರ ಮೇಲಿಂದ ಹಾಲು ಕೊಡಿ. ನಂಗೂ ಇದೇ ಸರಿ ಅನ್ನಿಸ್ತು. ತಾಯಿ ಕೊಡೋದು ಬರೀ ಹಾಲಲ್ಲ. ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ ಕಕ್ಕ ಮಾಡೋಕೆ ಬರಲ್ಲ, ತಾಯಿ ಕೆಳಗೆ ನೆಕ್ಕಿದ್ರೇನೇ ಬರೋದು, ಮೈ ಬಿಸಿ ಅವಳದ್ದೇ. ಐದು ಮರಿಗೆ ಹಗಲು ರಾತ್ರಿ ಇದೆಲ್ಲ ಮನುಷ್ಯರು ಮಾಡೋದು ಅಂದ್ರೆ ಮನೆಮಂದಿಯೆಲ್ಲ ನಿದ್ದೆ ಬಿಡಬೇಕು, ಅಷ್ಟು ಮಾಡಿದ್ರೂ ತಾಯಿ ಮಾಡಿದಷ್ಟು ಚೆನ್ನಾಗಿ ಆಗಲ್ಲ.

ಏನೇನು ಮಾಡಿದ್ರು, ಏನಾಯ್ತು

ಚಿಕ್ಕದಕ್ಕೂ ಬೂದಿಗೂ ರಿಪ್ಲೇಸರ್ ಶುರುವಾಯ್ತು. ಮರಿಯ ಹೊಟ್ಟೆ ಒಂದು ಸಲಕ್ಕೆ ಹಿಡಿಯೋದು 100 ಗ್ರಾಂ ತೂಕಕ್ಕೆ ಸುಮಾರು 4 ಮಿ.ಲೀ. ಅಷ್ಟೇ, ಅದಕ್ಕೆ ಚಿಕ್ಕದಕ್ಕೆ 3 ಮಿ.ಲೀ.ಯಿಂದ ಶುರು, ಎರಡು ಮೂರು ಗಂಟೆಗೊಂದು ಸಲ, ರಾತ್ರಿನೂ. ಅಕ್ಕ ಮೊದಲ ಸಲ ಮಗುನ ಮಲಗಿಸೋ ಹಾಗೆ ಅಂಗಾತ ಹಿಡಿದಿದ್ರು, ವಿಡಿಯೋ ಕಾಲಲ್ಲಿ ನೋಡಿ ತಿರುಗಿಸಿ ಅಂದೆ. ಮರಿ ಹೊಟ್ಟೆ ಕೆಳಗೆ ಇರಬೇಕು, ನಾಲ್ಕು ಕಾಲೂ ಟವೆಲ್ ಮೇಲೆ, ತಲೆ ಸ್ವಲ್ಪ ಮಾತ್ರ ಮೇಲೆ, ತಾಯಿ ಹತ್ರ ಹೇಗೆ ಕುಡಿಯತ್ತೋ ಹಾಗೇ. ಸಿರಿಂಜ್ ಒತ್ತಿ ಸುರಿಯೋದಲ್ಲ, ಒಂದು ಹನಿ ನಾಲಗೆ ಮೇಲೆ, ಅದು ನುಂಗಿದ ಮೇಲೆ ಇನ್ನೊಂದು. ಮೂಗಿಂದ ಹಾಲು ಬಂದ್ರೆ ಅಲ್ಲಿಗೆ ನಿಲ್ಲಿಸಿ ತಲೆ ಬಗ್ಗಿಸಿ ಒರೆಸಬೇಕು. ಹಾಲಾದ್ಮೇಲೆ ತಾಯಿ ಮುಂದೆ ಇಟ್ರೆ ಅದೇ ನೆಕ್ಕಿ ಉಚ್ಚೆ ಮಾಡಿಸ್ತಿತ್ತು, ಜ್ವರ ಇದ್ದಾಗಲೂ ಆ ಕೆಲಸ ಮಾತ್ರ ಬಿಡ್ಲಿಲ್ಲ.

ಏಳನೇ ದಿನ ಚಿಕ್ಕದು 97. ಎಂಟನೇ ದಿನ 103. ಮನೆಯೆಲ್ಲ ಖುಷಿ.

ಅದೇ ಎಂಟನೇ ದಿನ ಬೂದಿ ಸತ್ತೋಯ್ತು. ಬೂದಿಯ ತೂಕ 131ರಿಂದ 124ಕ್ಕೆ, ಆಮೇಲೆ 117ಕ್ಕೆ ಇಳಿದಿತ್ತು. ರಿಪ್ಲೇಸರ್ ಕೊಟ್ಟಾಗ ಕುಡೀತಿತ್ತು ಆದ್ರೆ ಪೂರ್ತಿ ಅಲ್ಲ. ಮೈ ನೋಡೋಕೆ ಚಿಕ್ಕದಕ್ಕಿಂತ ಗುಂಡಗಿತ್ತು, ಹಾಗಾಗಿ ಅದು ಅಪಾಯದಲ್ಲಿದೆ ಅಂತ ಯಾರ ಮನಸ್ಸಿಗೂ ಬರಲಿಲ್ಲ, ಎದೆಗೆ ಒತ್ಕೊಂಡಿದ್ದೆಲ್ಲ ಚಿಕ್ಕದನ್ನೇ. ಬೆಳಗಿನ ಜಾವ ಬಾಯಿ ತೆರೆದು ಉಸಿರಾಡೋಕೆ ಶುರುವಾದಾಗ ಬೆಚ್ಚಗೆ ಮಾಡಿ ಡಾಕ್ಟ್ರ ಹತ್ರ ಓಡಿದ್ರು, ಅಷ್ಟರಲ್ಲಿ ಮುಗಿದಿತ್ತು. ಕೆಟ್ಟ ಹಾಲಿನಿಂದ ಸೋಂಕು ರಕ್ತಕ್ಕೆ ಸೇರಿರಬಹುದು ಅಂತ ಡಾಕ್ಟ್ರ ಅಭಿಪ್ರಾಯ.

ನೋಟ್‌ಬುಕ್ಕಿನ ಆ ಪುಟ ಹುಡುಗ ನಂಗೆ ಫೋಟೋ ಕಳಿಸಿದ. ಪಕ್ಕಪಕ್ಕದಲ್ಲಿ ಎರಡು ಸಾಲು. ನಾಲ್ಕನೇ ದಿನದಿಂದ ನೋಡಿದ್ರೆ ಚಿಕ್ಕದು ಹೆಚ್ಚು ಅಂದ್ರೆ ಕಳ್ಕೊಂಡಿದ್ದು 3 ಗ್ರಾಂ, ಬೂದಿ ಕಳ್ಕೊಂಡಿದ್ದು 15. ಒಟ್ಟು ತೂಕ ನೋಡಿದ್ರೆ ಬೂದಿ ದೊಡ್ಡದು, ಇಳಿಯೋ ವೇಗ ನೋಡಿದ್ರೆ ಬೂದಿನೇ ಕಷ್ಟದಲ್ಲಿದ್ದಿದ್ದು. ಮರಿನ ಪಕ್ಕದ ಮರಿಗೆ ಹೋಲಿಸೋದಲ್ಲ, ಅದರ ನಿನ್ನೆಗೆ ಹೋಲಿಸಬೇಕು. ಒಂದು ದಿನ ಏರದೇ ನಿಂತ್ರೆ ಗಮನ ಕೊಡಬೇಕು, ಇಳಿದ್ರೆ ಅವತ್ತೇ ಡಾಕ್ಟ್ರಿಗೆ ತೋರಿಸಬೇಕು, ಆ ಮರಿ ಗುಂಪಲ್ಲಿ ಎಷ್ಟೇ ದಪ್ಪ ಇರ್ಲಿ. ಈಗ ಯಾರಾದ್ರೂ ನೋಟ್‌ಬುಕ್ ಇಡ್ತೀನಿ ಅಂದ್ರೆ ತೂಕದ ಪಕ್ಕ ಇನ್ನೊಂದು ಕಾಲಂ ಹಾಕಿ, ನಿನ್ನೆಗಿಂತ ಎಷ್ಟು ಜಾಸ್ತಿ ಎಷ್ಟು ಕಮ್ಮಿ ಅಂತ ಬರೀರಿ ಅಂತೀನಿ.

ಸತ್ತ ಮರಿನ ತಕ್ಷಣ ಎಸೆಯದೆ ತಾಯಿ ಪಕ್ಕ ಸ್ವಲ್ಪ ಹೊತ್ತು ಇಟ್ಟಿದ್ರು. ಮೂಸ್ತು, ಎರಡು ಸಲ ನೆಕ್ತು, ಆಮೇಲೆ ತಿರುಗಿ ಉಳಿದವುಗಳ ಹತ್ರ ಹೋಗಿ ಮಲಗ್ತು. ಅಜ್ಜಿ ಅದನ್ನ ಬಿಳಿ ಬಟ್ಟೆಯಲ್ಲಿ ಸುತ್ತಿ ಗಿಡದ ಬುಡದಲ್ಲಿ ಮಣ್ಣು ಮಾಡಿಸಿದ್ರು.

ತಾಯಿಗೆ ಜ್ವರ ಎರಡನೇ ದಿನಕ್ಕೇ ಇಳಿದಿತ್ತು. ಮರಿ ಬೆಕ್ಕುಗಳ ಫುಡ್ಡನ್ನೇ ತಾಯಿಗೂ ಹಾಕೋಕೆ ಹೇಳಿದ್ರು, ಅದರಲ್ಲಿ ಶಕ್ತಿ ಜಾಸ್ತಿ, ಬಟ್ಟಲು ಯಾವಾಗಲೂ ತುಂಬಿರಬೇಕು, ನೀರು ಪಕ್ಕದಲ್ಲೇ. ಮೊದಲು ಊಟದ ಬಟ್ಟಲು ಬೇರೆ ರೂಮಲ್ಲಿತ್ತು, ಬೀರು ಹತ್ರಕ್ಕೆ ತಂದ್ಮೇಲೆ ತಿನ್ನೋದು ಎದ್ದು ಕಾಣೋ ಹಾಗೆ ಜಾಸ್ತಿ ಆಯ್ತು, ಮೊದಲ ಬಾಣಂತನದ ಬೆಕ್ಕು ಮರಿ ಬಿಟ್ಟು ದೂರ ಹೋಗೋಕೆ ಹೆದರ್ತಿತ್ತು. ಮೂರು ದಿನಕ್ಕೆ ಲವಲವಿಕೆ ಬಂತು, ಮಾತ್ರೆ ನಿಲ್ಲಿಸೋಣ್ವಾ ಅಂತ ಮನೆಯಲ್ಲಿ ಮಾತು ಬಂತು, ಡಾಕ್ಟ್ರು ಕೋರ್ಸ್ ಮುಗಿಸಲೇಬೇಕು ಅಂದ್ರು, ಮುಗಿಸಿದ್ರು. ಬಾವು ಇಳಿದ ಎರಡು ಮೊಲೆಯಲ್ಲಿ ಹಾಲು ಬತ್ತಿಹೋಯ್ತು, ಚಿಕ್ಕದನ್ನ ಅಕ್ಕ ಪ್ರತಿ ಸಲ ಕೈಯಲ್ಲಿ ಎತ್ತಿ ಎಡಗಡೆ ಬೇರೆ ಮರಿ ಹಿಡಿಯದ ಮೊಲೆಗೆ ಹಚ್ಚಿ ಹಚ್ಚಿ ಅಭ್ಯಾಸ ಮಾಡಿಸಿದ್ರು.

ಹನ್ನೊಂದನೇ ದಿನ ಇನ್ನೊಂದು ಗಾಬರಿ. ಬೆಳಿಗ್ಗೆ ಎದ್ದು ನೋಡಿದ್ರೆ ಬೀರು ಖಾಲಿ. ಬೆಕ್ಕು ಮರಿ ಕಚ್ಕೊಂಡು ಏಳು ಮನೆ ಸುತ್ತತ್ತೆ ಅಂತಾರಲ್ಲ, ಅಜ್ಜಿ "ನಾನು ಹೇಳಿದ್ನಾ ಇಲ್ವಾ" ಅಂದ್ರು. ನಾಲ್ಕೂ ಮಂಚದ ಕೆಳಗೆ ಗೋಡೆ ಮೂಲೆಯಲ್ಲಿದ್ವು. ಕಾರಣ ಹುಡುಕಿದ್ರೆ, ಹಿಂದಿನ ದಿನ ಮರಿ ನೋಡೋಕೆ ಅಂತ ಪಕ್ಕದ ಮನೆ ಮಕ್ಕಳೆಲ್ಲ ಬಂದು ಬೀರು ಬಾಗಿಲು ಪೂರ್ತಿ ತೆಗೆದು ಟಾರ್ಚ್ ಹಾಕಿ ನೋಡಿದ್ರು. ವಾಪಸ್ ಬೀರಿಗೆ ಹಾಕೋಣ್ವಾ ಅಂದ್ರು, ನಾನು ಬೇಡ ಅಂದೆ, ಹಾಕಿದ್ರೆ ಅದು ಮತ್ತೆ ಎತ್ಕೊಂಡು ಹೋಗತ್ತೆ, ಪ್ರತಿ ಸಲ ಜಾಗ ಬದಲಾದಾಗಲೂ ಒಂದು ಮರಿ ದಾರಿಯಲ್ಲಿ ಉಳಿಯೋ ಅಪಾಯ ಇದೆ. ಬರೀ ನೆಲ ತಣ್ಣಗಿತ್ತು, ಅದಕ್ಕೆ ಬೀರಿನ ಬಟ್ಟೆನೇ ತಂದು ಮಂಚದ ಕೆಳಗೆ ಹಾಸಿದ್ರು, ನೋಡೋಕೆ ಬರೋರನ್ನ ಮರಿಗಳಿಗೆ ಮೂರು ವಾರ ತುಂಬೋವರೆಗೂ ಬೇಡ ಅಂದ್ರು. ಆಮೇಲೆ ಅದು ಜಾಗ ಬದಲಾಯಿಸ್ಲಿಲ್ಲ.

ಒಂಬತ್ತರಿಂದ ಹನ್ನೆರಡನೇ ದಿನದ ಒಳಗೆ ಮೂರು ಮರಿ ಕಣ್ಣು ಬಿಟ್ವು, ಚಿಕ್ಕದು ಕೊನೆಗೆ. ಎರಡನೇ ವಾರ ತುಂಬಿದ್ಮೇಲೆ ಡಾಕ್ಟ್ರು ಮರಿಗಳಿಗೂ ತಾಯಿಗೂ ಜಂತುಹುಳದ ಔಷಧಿ ಶುರು ಮಾಡಿದ್ರು, ದುಂಡುಹುಳ ತಾಯಿ ಹಾಲಿಂದಲೇ ಮರಿಗೆ ದಾಟತ್ತೆ, ಅದಕ್ಕೇ ಇಷ್ಟು ಬೇಗ. ಮೂರು ವಾರಕ್ಕೆ ತೂರಾಡ್ಕೊಂಡು ನಡೆದ್ವು, ನಾಲ್ಕು ವಾರಕ್ಕೆ ನೆನೆಸಿದ ಫುಡ್ ತಟ್ಟೆಯೊಳಗೇ ಇಳಿದು ಮೈಯೆಲ್ಲ ಮಾಡ್ಕೊಂಡ್ವು. ಇದೆಲ್ಲ ಮಾಮೂಲಿ ದಾರಿ, ಹೆಚ್ಚು ಹೇಳೋಕೇನಿಲ್ಲ.

ಕೊನೆಯ ತೀರ್ಮಾನಗಳು

ಮರಿಗಳಿಗೆ ಐದು ವಾರ ದಾಟಿದಾಗ ತಾಯಿ ರಾತ್ರಿಯೆಲ್ಲ ಕೂಗೋಕೆ ಶುರು ಮಾಡ್ತು, ನೆಲದ ಮೇಲೆ ಉರುಳಾಡೋದು, ಹಿಂಭಾಗ ಎತ್ತೋದು. ಮತ್ತೆ ಬಾವು ಬಂತಾ ಅಂತ ಅಕ್ಕ ಹೆದರಿದ್ರು, ಅದು ಬೆದೆ. ಹಾಲುಣಿಸ್ತಿರೋ ಬೆಕ್ಕಿಗೆ ಗರ್ಭ ಕಟ್ಟಲ್ಲ ಅಂತ ಅವರು ನಂಬಿದ್ರು, ಹಾಗೇನಿಲ್ಲ, ಮರಿ ಹಾಲು ಬಿಡೋ ಮೊದಲೇ ಬೆದೆಗೆ ಬಂದು ಮತ್ತೆ ಕಟ್ಟೋದು ತುಂಬ ಸಾಮಾನ್ಯ. ಆ ಕೂಗಿಗೆ ಕರಗಿ ಒಂದು ರಾತ್ರಿ ಹೊರಗೆ ಬಿಟ್ಟಿದ್ರೂ ಎರಡು ತಿಂಗಳಿಗೆ ಇನ್ನೊಂದು ಬಾಣಂತನ, ಅದೇ ಸವೆದ ಮೈಗೆ. ಕಿಟಕಿಗೆಲ್ಲ ಜಾಲರಿ ಕಟ್ಟಿ ಒಳಗೇ ಇಟ್ಕೊಂಡ್ರು. ನಿದ್ದೆಗೆಟ್ಟ ಮನೆಯಲ್ಲಿ ಇದು ಸಣ್ಣ ಕೆಲಸ ಅಲ್ಲ, ಅವರ ಬಗ್ಗೆ ನಂಗೆ ತುಂಬ ಗೌರವ ಬಂದಿದ್ದು ಆ ವಾರದಲ್ಲಿ.

ಮರಿ ಕೊಡಿ ಅಂತ ಐದನೇ ವಾರಕ್ಕೇ ಕೇಳೋರು ಬಂದ್ರು. ಅಕ್ಕ ಎಂಟು ವಾರ ತುಂಬೋವರೆಗೂ ಕೊಡಲ್ಲ ಅಂದ್ರು, ಆಗಲೂ ಮೊದಲ ಲಸಿಕೆ ಆಗಿರಬೇಕು ಅಂದ್ರು. ಒಬ್ರು ಬೇಜಾರು ಮಾಡ್ಕೊಂಡು ಹೋದ್ರು. ಹೋಗ್ಲಿ. ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿಗೆ ನಿಲ್ಲಿಸಬೇಕು ಅನ್ನೋದನ್ನ ಮರಿ ಕಲಿಯೋದು ಒಡಹುಟ್ಟಿದವುಗಳ ಜೊತೆ ಗುದ್ದಾಡ್ತಾ ಆ ವಾರಗಳಲ್ಲೇ, ಬೇಗ ಬಿಡಿಸಿದ ಮರಿ ಆಮೇಲೆ ಕೈ ಕಚ್ಚತ್ತೆ ಅಂತ ಅದೇ ಜನ ದೂರ್ತಾರೆ.

ಈ ಪ್ರಕರಣದ ಮೇಲೆ ನಾನು ಫೋನಲ್ಲಿ ಕೇಳೋ ಪ್ರಶ್ನೆಗಳ ಸಾಲು ಬದಲಾಗಿದೆ. ಯಾರಾದ್ರೂ ಮರಿ ವೀಕಾಗಿದೆ ಅಂದ್ರೆ, ಮರಿ ಬೆಚ್ಚಗಿದ್ಯಾ ಅಂತ ಕೇಳಿದ ತಕ್ಷಣ ಎರಡನೇ ಪ್ರಶ್ನೆ ತಾಯಿದು: ಇವತ್ತು ಎಷ್ಟು ತಿಂತು, ಹೇಗೆ ಮಲಗಿದೆ, ಪ್ರತಿ ಮೊಲೆ ಮುಟ್ಟಿ ನೋಡಿದ್ರಾ, ಮೆತ್ತಗಿದ್ಯಾ, ಕೆಳಗಿಂದ ಹೋಗೋ ಸ್ರಾವ ವಾಸನೆ ಬರ್ತಿದ್ಯಾ, ಮೈ ನಡುಗ್ತಿದ್ಯಾ. ನಡುಕ ಕೇಳೋದು ಯಾಕಂದ್ರೆ ಹಾಲು ಜಾಸ್ತಿ ಇರೋ ವಾರಗಳಲ್ಲಿ ಕ್ಯಾಲ್ಸಿಯಂ ಬಿದ್ದು ಬಾಣಂತಿ ಬೆಕ್ಕಿಗೆ ಫಿಟ್ಸ್ ಬರಬಹುದು, ಅದಕ್ಕೆ ಬೆಳಿಗ್ಗೆವರೆಗೂ ಕಾಯೋ ಹಾಗೇ ಇಲ್ಲ. ಹತ್ತರಲ್ಲಿ ಅರ್ಧ ಜನ ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ನಿದ್ದು, ತಾಯಿನ ಸರಿಯಾಗಿ ನೋಡಿಲ್ಲ, ನೋಡಿ ಹೇಳ್ತೀನಿ ಅಂತಾರೆ.

ಎಂಟು ವಾರಕ್ಕೆ ಕೆಂಚ 860 ಗ್ರಾಂ, ಚಿಕ್ಕದು 640. ಕೆಂಚ ಮತ್ತು ಕಪ್ಪು ಜೊತೆಯಾಗಿ ಒಂದೇ ಮನೆಗೆ ಹೋದ್ವು, ಪಟ್ಟೆ ಹುಡುಗನ ಗೆಳೆಯನ ಮನೆಗೆ. ಹಾಲು ಪೂರ್ತಿ ಒಣಗಿದ ಮೇಲೆ ಡಾಕ್ಟ್ರು ಆ ಎರಡು ಮೊಲೆಯಲ್ಲಿ ಗಂಟು ಉಳಿದಿಲ್ಲ ಅಂತ ಇನ್ನೊಂದು ಸಲ ನೋಡಿ ತಾಯಿಗೆ ಸಂತಾನಹರಣದ ಆಪರೇಷನ್ ಮಾಡಿದ್ರು. ತಾಯಿ, ಚಿಕ್ಕದು ಎರಡೂ ಅಕ್ಕನ ಮನೆಯಲ್ಲೇ ಇವೆ, ಚಿಕ್ಕದರ ಆಪರೇಷನ್ನಿಗೆ ಇನ್ನೂ ತೂಕ ಬರ್ಲಿ ಅಂತ ಕಾಯ್ತಿದಾರೆ, ಹುಡುಗ ಈಗಲೂ ವಾರಕ್ಕೊಂದು ಸಲ ತೂಗಿ ಬರೀತಾನೆ.